ನಾಲ್ವರು ಮೇಲ್ವಿಚಾರಕರ ಲಾಂಡ್ರಿ

ಯಂತ್ರ ಬಿಸಿಯೇರಿ ನಿಂತಿದ್ದು ಬಟ್ಟೆ ಮಾತ್ರ ಬಾರದಿರುವ ಹೊತ್ತು ಲಾಂಡ್ರಿಯ ಒಡತಿಗೆ ಕಣ್ಣಲ್ಲಿ ಕಸ ಬಿದ್ದಂತೆ. ಬೆಳಿಗ್ಗೆ ಬರುತ್ತೇನೆಂದ ಹೋಟೆಲಿನ ವ್ಯಾನು ಮಧ್ಯಾಹ್ನಕ್ಕೆ ಬರುವುದು ವಾಡಿಕೆಯಾಗಿಹೋಗಿತ್ತು. ಅಲ್ಲಿಯವರೆಗೆ ಬಾಯ್ಲರು ಬುಸುಗುಡುತ್ತ ಇಂಧನ ತಿನ್ನುವುದು. ಹಾಸಿಗೆಬಟ್ಟೆಗಳನ್ನು ಒತ್ತುವ ಉದ್ದನೆಯ ರೋಲರು ಬರಿದೇ ತಿರುಗುವುದು. ಕೆಲಸದವರು ನಾಲ್ವರೂ ಖಾಲಿ ಚೀಲಗಳ ರಾಶಿಗೆ ಒರಗಿ ಊರ ಸುದ್ದಿಯನ್ನೆಲ್ಲ ಮಡಿಸಿ ಇಡುವರು. ಕೂಲಿಯೋ ಗಂಟೆಯ ಲೆಕ್ಕದ್ದು. ದುಡಿದ ಗಂಟೆಗೂ ಕೂಲಿ, ಕುಳಿತ ಗಂಟೆಗೂ ಕೂಲಿ. ಆಳುಗಳನ್ನಿಟ್ಟುಕೊಂಡು ಸಣ್ಣ ವ್ಯಾಪಾರ ನಡೆಸುವ ಯಾರಿಗೂ ಈ ಸಂಕಟ ಹೊಸದಲ್ಲ.

ಒಡತಿ ಕೆಟ್ಟವಳಲ್ಲ. ಮನೆಯ ಮುಂಗೋಣೆಯಲ್ಲಿ ಒಂದೇ ಒಂದು ಇಸ್ತ್ರಿಪೆಟ್ಟಿಗೆಯಿಂದ ಆರಂಭಿಸಿ, ಹಿಂಬೀದಿಯಲ್ಲಿ ಈ ತಗಡಿನ ಸೂರಿನ ಲಾಂಡ್ರಿಯನ್ನು ಎಬ್ಬಿಸಿ ನಿಲ್ಲಿಸಿದವಳು. ಕೈಬೆರಳುಗಳ ಮೇಲೆ ಹಳೆಯ ಸುಟ್ಟಕಲೆಗಳು ಇನ್ನೂ ಇದ್ದವು. ಯಾರ ಕೂಲಿಯನ್ನೂ ಒಂದು ದಿನವೂ ತಡಮಾಡಿದವಳಲ್ಲವೆಂಬುದು ಅವಳ ಹೆಮ್ಮೆ. ಆ ಹೆಮ್ಮೆಯನ್ನು ಅವಳು ದಿನಕ್ಕೊಮ್ಮೆಯಾದರೂ ಗಂಡನ ಮುಂದೆ ಹೇಳಿಕೊಳ್ಳುವಳು. ಲಾಂಡ್ರಿಯ ಗಾಡಿ ಓಡಿಸುವ ಗಂಡ ಅದನ್ನು ರಸ್ತೆಯ ಹಾರ್ನಿನಂತೆ ಕೇಳಿಸಿಕೊಂಡು ಮುಂದೆ ಹೋಗುವನು.

ಒಂದು ದಿನ ಪಕ್ಕದ ಪೀಠೋಪಕರಣದ ಅಂಗಡಿಯವನು ಗೋಡೆಗೆ ಕೈಯೂರಿ ನಿಂತು ಈ ಸಂಕಟಕ್ಕೆ ಮದ್ದು ಹೇಳಿದ.

"ಗಂಟೆ ಲೆಕ್ಕ ಇಟ್ಕೊಂಡು ಯಾಕೆ ಒದ್ದಾಡ್ತೀರಿ? ಎಲ್ಲರನ್ನೂ ತಿಂಗಳ ಸಂಬಳಕ್ಕೆ ಹಾಕ್ಬಿಡಿ. ಆಮೇಲೆ ಎಷ್ಟು ಹೊತ್ತು ದುಡಿಸಿದ್ರೂ ಅಷ್ಟೇ ಸಂಬಳ."

"ಹೊತ್ತು ಮೀರಿದ್ರೆ ಹೆಚ್ಚುವರಿ ಕೂಲಿ ಕೇಳಲ್ವಾ?"

"ಮೇಲ್ವಿಚಾರಕ ಅಂತ ಹುದ್ದೆ ಕೊಡಿ. ಮೇಲ್ವಿಚಾರಕರಿಗೆ ಹೆಚ್ಚುವರಿ ಇಲ್ಲ. ನಮ್ಮ ಅಂಗಡೀಲಿ ಕುರ್ಚಿಗೆ ಪಾಲಿಶ್ ಹಾಕೋನೂ ಮೇಲ್ವಿಚಾರಕನೇ."

"ಅವನು ಯಾರನ್ನ ನೋಡ್ಕೋತಾನೆ?"

"ಕುರ್ಚಿಗಳನ್ನ," ಎಂದು ಅಂಗಡಿಯವನು ನಗದೆ ಹೇಳಿದ.

ಒಡತಿಗೆ ಮಾತು ರುಚಿಸಿತು. ಇದರಲ್ಲಿ ಮೋಸದ ಎಣಿಕೆ ಅವಳಿಗೆ ತೋರಲೇ ಇಲ್ಲ. ಗಂಟೆಗೂಲಿಯವರನ್ನು ತಿಂಗಳ ಸಂಬಳದವರನ್ನಾಗಿ ಮಾಡುವುದು ಅವಳ ಕಣ್ಣಿಗೆ ಅವರನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿದಂತೆ. ತಾನು ಮಾಡುತ್ತಿರುವುದು ಉಪಕಾರವೆಂದೇ ನಂಬಿ, ನಾಲ್ಕು ಹೊಸ ಅಂಗಿಗಳನ್ನು ಹೊಲಿಸಿದಳು. ಎದೆಯ ಮೇಲೆ ಹುದ್ದೆಯ ಪಟ್ಟಿಗಳನ್ನು ತಾನೇ ಕೂತು ಹೊಲಿದು, ತಾನೇ ಇಸ್ತ್ರಿ ಒತ್ತಿದಳು. ಬಾಯ್ಲರು ಹೊತ್ತಿಸುವ ತಾತನಿಗೆ 'ಉಗಿ ಮೇಲ್ವಿಚಾರಕ'. ಒಗೆಯುವ ಯಂತ್ರದವನಿಗೆ 'ಒಗೆತ ಮೇಲ್ವಿಚಾರಕ'; ಇವನಿಗೆ ಬಾಯಿ ಮುಚ್ಚುವುದೇ ಗೊತ್ತಿಲ್ಲದ್ದರಿಂದ ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಬಟ್ಟೆ ಮಡಿಸುವ ಹೆಂಗಸಿಗೆ 'ಮಡಿಕೆ ಮೇಲ್ವಿಚಾರಕಿ'. ರೋಲರಿಗೆ ಬಟ್ಟೆ ಕೊಡುವ ಕೆಲಸ ಒಡತಿಯ ಒಡಹುಟ್ಟಿದ ತಂಗಿಯದು. ಅವಳ ಪಟ್ಟಿ ಉಳಿದವುಗಳಿಗಿಂತ ಎರಡು ಬೆರಳು ಉದ್ದವಾಗಿತ್ತು: 'ಮುಖ್ಯ ಮೇಲ್ವಿಚಾರಕಿ'.

"ಅಮ್ಮಾವ್ರೆ, ನಾಲ್ಕು ಜನ ಇದ್ದೀವಿ, ನಾಲ್ಕೂ ಜನ ಮೇಲ್ವಿಚಾರಕರಾದ್ರೆ ಬಟ್ಟೆ ಒಗೆಯೋರು ಯಾರು?" ಎಂದು ಮೌನಿ ಕೇಳಿದ.

"ನೀನೇ."

"ಒಗೆಯೋದೂ ನಾನೇ, ಸರಿಯಾಗಿ ಒಗೆದೆಯಾ ಅಂತ ಕೇಳೋದೂ ನಾನೇ. ಉತ್ತರ ಕೊಡೋದೂ ನಾನೇ. ಒಳ್ಳೇದಾಯ್ತು, ಮಾತಾಡೋಕೆ ಜೊತೆ ಸಿಕ್ತು."

ತಾತ ಪಟ್ಟಿಯನ್ನು ಬೆರಳಿಂದ ಸವರಿ, "ಅಕ್ಷರ ಚೆನ್ನಾಗಿದೆ ತಾಯಿ," ಎಂದ.

ಎಲ್ಲರಿಗಿಂತ ಹಿಗ್ಗಿದವಳು ತಂಗಿ. ಗಂಡ ತೀರಿಕೊಂಡ ಮೇಲೆ ಅವಳು ಪುಟ್ಟ ಮಗಳೊಂದಿಗೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಕೆಲಸ ಬೇಗ ಮುಗಿದು ಮನೆಗೆ ಕಳಿಸಿದ ದಿನಗಳಲ್ಲಿ ಗಂಟೆಗೂಲಿ ಇಳಿಯುತ್ತಿತ್ತು, ಬಾಡಿಗೆ ಇಳಿಯುತ್ತಿರಲಿಲ್ಲ. ತಿಂಗಳು ತಿಂಗಳೂ ಒಂದೇ ಮೊತ್ತ ಕೈಸೇರಿದರೆ ಎರಡು ಕೋಣೆಯ ಮನೆಗೆ ಹೋಗಬಹುದೆಂದು ಅವಳು ಮನೆಯನ್ನೂ ನೋಡಿಟ್ಟಳು. ಅಕ್ಕ ಬಾಯಿಮಾತಿನಲ್ಲಿ ಹೇಳಿದ ಮೊತ್ತವನ್ನು ನಂಬಿ ಆ ಮನೆಯವರಿಗೆ ಮಾತನ್ನೂ ಕೊಟ್ಟಳು.

ಆ ಬಳಿಕ ಹೋಟೆಲುಗಳಲ್ಲಿ ಪ್ರವಾಸಿಗರ ಕಾಲ ಬಂತು. ವ್ಯಾನು ಎಂದಿನಂತೆ ತಡವಾಗಿಯೇ ಬಂತು, ಆದರೆ ಮೊದಲಿನ ಎರಡರಷ್ಟು ಬಟ್ಟೆ ಹೊತ್ತು ತಂದಿತು. ಕತ್ತಲಾಗುವವರೆಗೂ ರೋಲರು ನಿಲ್ಲುತ್ತಿರಲಿಲ್ಲ. ಒದ್ದೆ ಹೊದಿಕೆಯ ಎರಡು ತುದಿಗಳನ್ನು ಹಿಡಿದು, ಕೊಡವಿ, ಸುಕ್ಕಿಲ್ಲದಂತೆ ರೋಲರಿನ ಬಾಯಿಗೆ ಕೊಡುವ ಕೆಲಸ ನೋಡುವವರಿಗೆ ಆಟದಂತೆ ಕಾಣುತ್ತದೆ. ಮಾಡುವವರ ಭುಜ ಸಂಜೆಗೆ ಕಲ್ಲಾಗಿರುತ್ತದೆ. ತಂಗಿ ಸಂಜೆಯಾದ ಮೇಲೂ ನಿಂತಳು, ಉಳಿದವರೂ ನಿಂತರು. ಎಲ್ಲರೂ ತಿಂಗಳ ಸಂಬಳದವರು, ಮೇಲಾಗಿ ಮೇಲ್ವಿಚಾರಕರು; ಹೆಚ್ಚುವರಿ ಕೂಲಿಯ ಮಾತು ಬರಲಿಲ್ಲ. ಒಡತಿ ಮನಸ್ಸಿನಲ್ಲೇ ಪಕ್ಕದ ಅಂಗಡಿಯವನನ್ನು ಮೆಚ್ಚಿಕೊಂಡಳು.

ಇದೇ ಭರಾಟೆಯ ನಡುವೆ ಒಂದು ಬೆಳಿಗ್ಗೆ ತಂಗಿಯ ಮಗಳಿಗೆ ಕಿವಿನೋವು ಎದ್ದಿತು. ತಂಗಿ ಹೇಳಿಕಳಿಸಿ, ಮಗುವನ್ನು ವೈದ್ಯರಿಗೆ ತೋರಿಸಿ, ಮಧ್ಯಾಹ್ನದ ಹೊತ್ತಿಗೆ ಓಡಿಬಂದು ರೋಲರಿನ ಮುಂದೆ ನಿಂತಳು. ಅಂದೂ ಎಲ್ಲರೊಂದಿಗೆ ಕತ್ತಲಾಗುವವರೆಗೆ ದುಡಿದಳು.

ತಿಂಗಳ ಕೊನೆಗೆ ಸಂಬಳದ ಲಕೋಟೆ ತೆರೆದಾಗ ಅರ್ಧ ದಿನದ ಹಣ ಮುರಿದಿತ್ತು.

ಒಡತಿ ಇದನ್ನು ಬೇಕೆಂದೇ ಮಾಡಿದ್ದಳು, ಮತ್ತು ಬಹಳ ಯೋಚಿಸಿ ಮಾಡಿದ್ದಳು. ಸ್ವಂತ ತಂಗಿಯೆಂದು ಕಣ್ಣುಮುಚ್ಚಿಕೊಂಡರೆ ಉಳಿದ ಮೂವರು ಏನೆಂದುಕೊಂಡಾರು? ಒಡತಿಯ ನ್ಯಾಯ ಎಲ್ಲರಿಗೂ ಒಂದೇ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದೆಂದು ಅವಳಿಗೆ ಅನ್ನಿಸಿತ್ತು. ಬೇರೆ ಯಾರ ಸಂಬಳವನ್ನೂ ಅವಳು ಅಷ್ಟು ತೃಪ್ತಿಯಿಂದ ಮುರಿಯುತ್ತಿರಲಿಲ್ಲ.

ತಂಗಿ ಲಕೋಟೆಯನ್ನು ಮೇಜಿನ ಮೇಲಿಟ್ಟು ಕೇಳಿದಳು. "ಅಕ್ಕ, ಇದೇನಿದು?"

"ಅರ್ಧ ದಿನ ಬಂದಿರಲಿಲ್ಲವಲ್ಲೇ."

"ಸಂಜೆ ಮೇಲೆ ನಿಂತಿದ್ದೆನಲ್ಲ, ಅದು?"

"ಅದು ಸಂಬಳದೊಳಗೇ ಬಂತು. ನೀನು ಮುಖ್ಯ ಮೇಲ್ವಿಚಾರಕಿ."

"ಓಹೋ. ಕೊಡೋವಾಗ ತಿಂಗಳ ಲೆಕ್ಕ, ಮುರಿಯೋವಾಗ ಗಂಟೆ ಲೆಕ್ಕ."

"ತಂಗಿ ಅಂತ ಬಿಟ್ರೆ ಬೇರೆಯವರು ಆಡ್ಕೊಳ್ಳಲ್ವಾ?"

"ತಂಗಿ ಅಂತ ಬಿಡಬೇಡ. ಕೂಲಿಯವಳು ಅಂತ ಕೊಡು."

ಒಡತಿ ಮುಖ ದಪ್ಪ ಮಾಡಿಕೊಂಡಳು. ತಂಗಿ ಜಗಳಕ್ಕೆ ನಿಲ್ಲಲಿಲ್ಲ. ಅಂಗಿಯನ್ನು ಬಿಚ್ಚಿ, ಹುದ್ದೆಯ ಪಟ್ಟಿ ಮೇಲೆ ಕಾಣುವಂತೆ ಅಂಚಿಗೆ ಅಂಚು ಕೂಡಿಸಿ ಮಡಿಸಿ ಇಟ್ಟಳು. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ರೋಲರಿನ ಕೆಲಸಕ್ಕೆ ಜನ ಬೇಕಾಗಿದ್ದಾರೆ, ಸೋಮವಾರ ಬೆಳಿಗ್ಗೆ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದಳು. ಸೋಮವಾರಕ್ಕೆ ಮುನ್ನ ಉಳಿದದ್ದು ಭಾನುವಾರವೊಂದೇ.

ರೋಲರು ಎಲ್ಲರ ಕೈಗೂ ಒಗ್ಗುವುದಿಲ್ಲ. ತಂಗಿ ಹೋದರೆ ಹೋಟೆಲಿನ ಕೆಲಸ ಅರ್ಧಕ್ಕೆ ನಿಲ್ಲುವುದೆಂದು ಒಡತಿಗೆ ಗೊತ್ತಿತ್ತು. ಆದರೆ ಆ ರಾತ್ರಿ ಗಂಡನ ಮುಂದೆ ಅವಳು ಆಡಿದ್ದು ಬೇರೆಯೇ ಮಾತು.

"ಹೋಗ್ಲಿ ಬಿಡಿ. ಎತ್ತಿ ಆಡಿಸಿದ ಕೈಯನ್ನೇ ಮರೆತವಳು."

ಗಂಡ ದೀಪ ಆರಿಸಿದ. "ನಾಳೆ ಪುಟ್ಟೀನ ಕರೀತೀನಿ," ಎಂದ.

ಪುಟ್ಟಿಯೆಂದರೆ ಅವನ ತಂಗಿ, ಒಡತಿಯ ನಾದಿನಿ. ತಲೆಗೂದಲು ಪೂರ್ತಿ ನರೆತಿದ್ದರೂ ಅಣ್ಣನ ಪಾಲಿಗೆ ಪುಟ್ಟಿಯೇ. ಕಾರ್ಮಿಕ ಕಚೇರಿಯಲ್ಲಿ ಜನರ ಪ್ರಶ್ನೆಗಳಿಗೆ ಉತ್ತರ ಹೇಳುವ ಮೇಜಿನ ಹಿಂದೆ ಕುಳಿತು ಕುಳಿತು ಅವಳಿಗೆ ಇಡೀ ಲೋಕವೇ ಸರದಿಯಲ್ಲಿ ನಿಂತಂತೆ ಕಾಣುತ್ತದೆ ಎಂದು ಒಡತಿಯ ದೂರು. ಅತ್ತಿಗೆ ನಾದಿನಿಯರ ನಡುವೆ ಮದುವೆಯ ದಿನದಿಂದಲೂ ಎಣ್ಣೆ ಸೀಗೆಕಾಯಿ.

"ಆ ಆಫೀಸರಮ್ಮನ್ನ ಯಾಕೆ? ಒಂದು ಮಾತಿಗೆ ಹತ್ತು ನಿಯಮ ಹೇಳ್ತಾಳೆ."

"ನಮಗೆ ಬೇಕಾಗಿರೋದು ನಿಯಮವೇ ಅಲ್ವಾ," ಎಂದ ಗಂಡ ಹೊದಿಕೆ ಎಳೆದುಕೊಂಡ.

ಭಾನುವಾರ ಬೆಳಿಗ್ಗೆ ನಾದಿನಿ ಬಂದಳು. ಬರುವಾಗ ಇಸ್ತ್ರಿಗೆಂದು ತನ್ನ ಎರಡು ಪರದೆಗಳನ್ನೂ ತಂದಳು. ಅವನ್ನು ಅತ್ತಿಗೆಯ ಕೈಗಿತ್ತು, ಊಟದ ಮೇಜಿನ ಮುಂದೆ ಕುಳಿತು, ಅಣ್ಣ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದಳು. ಬಳಿಕ ಅತ್ತಿಗೆಯತ್ತ ತಿರುಗಿದಳು.

"ಅತ್ತಿಗೆ, ನಿಮ್ಮ ಮುಖ್ಯ ಮೇಲ್ವಿಚಾರಕಿ ಇದುವರೆಗೆ ಯಾರನ್ನಾದರೂ ಕೆಲಸಕ್ಕೆ ತಗೊಂಡಿದ್ದಾಳಾ?"

"ಅವಳ್ಯಾಕೆ ತಗೋತಾಳೆ? ತಗೊಳ್ಳೋದು ನಾನು."

"ಯಾರನ್ನಾದರೂ ಬಿಡಿಸಬೇಕು ಅಂದ್ರೆ ಅವಳ ಮಾತು ನಡೆಯುತ್ತಾ?"

"ನನ್ನ ಅಂಗಡೀಲಿ ಅವಳ ಮಾತು ಯಾಕೆ ನಡೀಬೇಕು?"

"ಇವತ್ತು ಯಾವ ಬಟ್ಟೆ ಮೊದಲು, ಯಾರು ಎಷ್ಟು ಹೊತ್ತಿಗೆ ಬರಬೇಕು, ಇದನ್ನಾದರೂ ಅವಳು ನಿರ್ಧಾರ ಮಾಡ್ತಾಳಾ?"

"ಎಲ್ಲಾ ನಾನೇ ಹೇಳ್ತೀನಿ."

"ದಿನವೆಲ್ಲ ಅವಳು ಮಾಡೋದೇನು?"

"ರೋಲರಿಗೆ ಬಟ್ಟೆ ಕೊಡ್ತಾಳೆ."

"ಅಂದ್ಮೇಲೆ ಅವಳು ರೋಲರಿಗೆ ಬಟ್ಟೆ ಕೊಡೋ ಕೆಲಸಗಾತಿ. ನೀವು ಅವಳ ಎದೆ ಮೇಲೆ ಮಹಾರಾಣಿ ಅಂತ ಹೊಲಿದ್ರೂ ಕಾನೂನಿಗೆ ಅವಳು ಅಷ್ಟೇ. ಕಾನೂನು ಪಟ್ಟಿ ಓದೋದಿಲ್ಲ, ಕೈಯಲ್ಲಿ ಏನು ಕೆಲಸ ಇದೆ ಅಂತ ನೋಡುತ್ತೆ."

ಒಡತಿ ಮೂಗು ಮುರಿದಳು. ಆದರೆ ಕಿವಿ ನಿಮಿರಿತು.

"ತಿಂಗಳ ಸಂಬಳ ಕೊಟ್ಟ ಮೇಲೆ ಹೆಚ್ಚುವರಿ ಎಲ್ಲಿಂದ ಬಂತು? ಸಂಬಳ ಅಂದ್ರೆ ಸಂಬಳ."

"ಅಲ್ಲೇ ಎಲ್ಲರೂ ಎಡವೋದು. ತಿಂಗಳಿಗೊಂದು ಸಲ ಕೊಡೋದು ಬೇರೆ, ಹೆಚ್ಚುವರಿ ಕೂಲಿ ಕೊಡಬೇಕಾಗಿಲ್ಲ ಅನ್ನೋದು ಬೇರೆ. ಯಾರನ್ನ ಬೇಕಾದ್ರೂ ತಿಂಗಳ ಸಂಬಳಕ್ಕೆ ಇಟ್ಕೊಳ್ಳಿ, ಬೇಡ ಅನ್ನೋರಿಲ್ಲ. ಆದ್ರೆ ಆ ಸಂಬಳ ಎಷ್ಟು ಹೊತ್ತಿನ ಕೆಲಸಕ್ಕೆ ಅಂತ ಮೊದಲೇ ಹೇಳಿರಬೇಕು. ಅದನ್ನ ಮೀರಿದ ಹೊತ್ತಿಗೆ ಬೇರೆ ಕೊಡಬೇಕು, ಅದೂ ಹೆಚ್ಚಿನ ದರದಲ್ಲಿ. ಹೆಚ್ಚುವರಿ ಇಲ್ಲ ಅಂತ ಹೇಳಬಹುದಾದವರು ಬಹಳ ಕಡಿಮೆ ಜನ. ನಿಜವಾಗಿ ಬೇರೆಯವರನ್ನ ನಡೆಸೋ ಕೆಲಸ ಅವರದಾಗಿರಬೇಕು. ಸಂಬಳವೂ ಕಾನೂನು ಹಾಕಿರೋ ಮಟ್ಟಕ್ಕಿಂತ ಕೆಳಗೆ ಇರಬಾರದು. ಎರಡೂ ಇರಬೇಕು. ನಿಮ್ಮ ನಾಲ್ಕು ಜನರಲ್ಲಿ ಎರಡೂ ಇರೋರು ಯಾರು?"

"ಯಾರೂ ಇಲ್ಲ," ಎಂದು ಅಣ್ಣ ಉತ್ತರಿಸಿದ.

"ನಿಮ್ಮನ್ನ ಯಾರೂ ಕೇಳ್ಲಿಲ್ಲ," ಎಂದಳು ಒಡತಿ.

"ಇನ್ನು ಆ ಅರ್ಧ ದಿನ," ಎಂದು ನಾದಿನಿ ಮುಂದುವರಿಸಿದಳು. "ಅದು ಇನ್ನೂ ಚೆನ್ನಾಗಿದೆ. ನಿಜವಾದ ಮೇಲ್ವಿಚಾರಕಿ ಅಂತಿಟ್ಕೊಳ್ಳಿ. ಅವಳ ಸಂಬಳ ಇಡೀ ಕೆಲಸಕ್ಕೆ ಕೊಡೋದು. ಒಂದು ದಿನ ಮಧ್ಯಾಹ್ನ ಬಂದ್ಲು, ಇನ್ನೊಂದು ದಿನ ಬೇಗ ಹೋದ್ಲು ಅಂತ ಗಂಟೆ ಎಣಿಸಿ ಮುರಿಯೋ ಹಾಗಿಲ್ಲ. ಹೋಟೆಲಿನ ಬಟ್ಟೆ ಬರಲಿಲ್ಲ, ಕೆಲಸ ಇರಲಿಲ್ಲ ಅಂತಲೂ ಮುರಿಯೋ ಹಾಗಿಲ್ಲ. ಸ್ವಂತ ಕೆಲಸಕ್ಕೆ ಪೂರ್ತಿ ದಿನ ಬರದೇ ಹೋದ್ರೆ ಅದಕ್ಕೆ ಬೇರೆ ನಿಯಮ ಇದೆ, ರಜೆಯ ಲೆಕ್ಕ ಇದೆ. ನೀವು ಅರ್ಧ ದಿನ ಮುರಿದ್ರಿ. ಅಂದ್ರೆ ಅವಳು ಗಂಟೆ ಲೆಕ್ಕದವಳು ಅಂತ ನೀವೇ ತೋರಿಸಿದ ಹಾಗಾಯ್ತು. ಗಂಟೆ ಲೆಕ್ಕದವಳಾದ್ರೆ ಸಂಜೆ ಮೇಲಿನ ಗಂಟೆಗಳೆಲ್ಲಿ ಹೋದವು?"

ಒಡತಿ ಉಳಿದಿದ್ದ ಒಂದು ಮಾತನ್ನು ಆಡಿಯೇ ಬಿಟ್ಟಳು.

"ನಾನೇನು ಕುತ್ತಿಗೆ ಹಿಡಿದು ಒಪ್ಪಿಸಿದ್ನಾ? ಎಲ್ಲರೂ ನಗುನಗ್ತಾ ಒಪ್ಪಿದ್ರು."

"ಒಪ್ಪಿರಬಹುದು. ಕಾನೂನಿಗಿಂತ ಕಡಿಮೆಗೆ ಒಪ್ಪಿಗೆ ತಗೊಂಡ್ರೂ ಅದು ನಿಲ್ಲೋದಿಲ್ಲ ಅತ್ತಿಗೆ. ಬಾಯ್ಲರ್ ತಾತ ಎಷ್ಟು ಹೊತ್ತಿಗೆ ಬರ್ತಾರೆ?"

"ಎಲ್ಲರಿಗಿಂತ ಮುಂಚೆ. ಉಗಿ ಏರೋಕೆ ಹೊತ್ತು ಬೇಕಲ್ಲ. ಆದ್ರೆ ಆವಾಗ ಕೆಲಸ ಎಲ್ಲಿರುತ್ತೆ? ಹೊತ್ತಿಸಿ ಸುಮ್ನೆ ಕೂತಿರ್ತಾರೆ."

"ಯಾರು ಹೇಳಿ ಕೂತಿರ್ತಾರೆ?"

"ನಾನೇ ಹೇಳಿರೋದು."

"ಅಂದ್ಮೇಲೆ ಅದೂ ಕೆಲಸದ ಹೊತ್ತೇ. ನಿಮ್ಮ ಮಾತಿಗೆ ಕಟ್ಟುಬಿದ್ದು ಕಾಯೋದೂ ಕೆಲಸ. ಈಗ ಒಂದು ಚೀಟಿ ತಗೊಳ್ಳಿ. ತಾತನ ತಿಂಗಳ ಸಂಬಳ ಬರೀರಿ. ಅವರು ನಿಜವಾಗಿ ಅಂಗಡೀಲಿ ಇದ್ದ ಗಂಟೆಗಳಿಂದ ಭಾಗಿಸಿ."

ಒಡತಿ ಲಾಂಡ್ರಿಯ ರಸೀದಿಯೊಂದರ ಬೆನ್ನಿಗೆ ಲೆಕ್ಕ ಮಾಡಿದಳು. ಬಂದ ಉತ್ತರವನ್ನು ಒಮ್ಮೆ ಹೊಡೆದುಹಾಕಿ ಮತ್ತೆ ಮಾಡಿದಳು. ಎರಡನೆಯ ಸಲವೂ ಅದೇ ಬಂತು. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಅದು ಕೆಳಗಿತ್ತು. ಯಾರ ಕೂಲಿಯನ್ನೂ ಒಂದು ದಿನವೂ ತಡಮಾಡದ ಹೆಂಗಸು, ಎಲ್ಲರಿಗಿಂತ ಮೊದಲು ಬರುವ ಮುದುಕನಿಗೆ ಎಲ್ಲರಿಗಿಂತ ಕಡಿಮೆ ಕೊಟ್ಟಿದ್ದಳು. ಮೇಲೆ ಚಂದದ ಅಕ್ಷರದ ಪಟ್ಟಿಯನ್ನೂ ಹೊಲಿದಿದ್ದಳು. ಅವಳು ಪೆನ್ನಿನ ಮುಚ್ಚಳ ಹಾಕಿ ರಸೀದಿಯನ್ನು ಮಗುಚಿಟ್ಟಳು.

ನಾದಿನಿ ಈ ಗೆಲುವನ್ನು ಬಳಸಿಕೊಳ್ಳಲಿಲ್ಲ. ಅದಕ್ಕೆ ಕಾರಣ ದಯೆಯೋ ಅಭ್ಯಾಸವೋ ಹೇಳಲಾಗದು. ಮೇಜಿನ ಹಿಂದೆ ಕುಳಿತವಳು ಇಂಥ ಮುಖಗಳನ್ನು ಬಹಳ ಕಂಡಿದ್ದಳು.

ಗಂಡನಿಗೆ ಮಾತ್ರ ಬೇರೆ ಚಿಂತೆ ಹತ್ತಿತು. "ಏ ಪುಟ್ಟಿ, ಇದೆಲ್ಲ ಕೊಡ್ತಾ ಕೂತ್ರೆ ಅಂಗಡಿ ಬಾಗಿಲು ಹಾಕೋದೇ."

"ಯಾಕಣ್ಣ? ಕೆಲಸ ಇಲ್ಲದ ಬೆಳಿಗ್ಗೆ ಎಲ್ಲರನ್ನೂ ಕರೆಸಿ ಕೂರಿಸ್ತೀರಿ. ವ್ಯಾನು ಮಧ್ಯಾಹ್ನ ಬರೋದಾದ್ರೆ ಬರೋ ಹೊತ್ತನ್ನೇ ಬದಲಾಯಿಸಿ, ಒಂದು ವಾರ ಮುಂಚೆ ಹೇಳಿ. ವ್ಯಾನು ತಡ ಮಾಡಿ, ಅವತ್ತೇ ಬಟ್ಟೆ ಬೇಕು ಅಂದ್ರೆ, ಅದರ ದರ ಬೇರೆ ಅಂತ ಹೋಟೆಲಿನವರಿಗೆ ಹೇಳಿ. ಅವರು ತಡ ಮಾಡಿದ್ದಕ್ಕೆ ಅತ್ತಿಗೆಯ ತಂಗಿ ಯಾಕೆ ದಂಡ ಕಟ್ಟಬೇಕು?"

"ಹೋಟೆಲಿನವರು ಬೇರೆ ಕಡೆ ಹೋದ್ರೆ?"

"ರೋಲರ್ ಹಿಡಿಯೋಳು ಬೇರೆ ಕಡೆ ಹೋದ್ರೆ ಅವರು ಹೇಗೂ ಹೋಗ್ತಾರೆ."

ಒಡತಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲಿನಲ್ಲಿ ನಿಂತು, ನಾದಿನಿಯ ಮುಖ ನೋಡದೆ, "ಪರದೆ ಸಂಜೆಗೆ ಆಗುತ್ತೆ," ಎಂದಳು. ಅತ್ತಿಗೆಯ ಬಾಯಿಂದ ಇದಕ್ಕಿಂತ ದೊಡ್ಡ ಉಪಕಾರಸ್ಮರಣೆ ಬಾರದೆಂದು ನಾದಿನಿಗೆ ತಿಳಿದಿತ್ತು.

ತಂಗಿ ತನ್ನ ಬಾಡಿಗೆ ಮನೆಯ ತಾರಸಿಯ ಮೇಲೆ ಬಟ್ಟೆ ಒಗೆಯುತ್ತಿದ್ದಳು. ವಾರವೆಲ್ಲ ಯಂತ್ರದ ಮುಂದೆ ನಿಲ್ಲುವವಳು ತನ್ನ ಮನೆಯ ಬಟ್ಟೆಯನ್ನು ಕೈಯಲ್ಲೇ ಒಗೆಯಬೇಕಿತ್ತು. ಅಕ್ಕ ಬಂದದ್ದು ತಿಳಿದರೂ ಅವಳು ತಲೆಯೆತ್ತಲಿಲ್ಲ. ಬಕೆಟ್ಟಿನಲ್ಲಿ ಒಂದು ದೊಡ್ಡ ಹೊದಿಕೆ ನೀರು ಕುಡಿದು ಬಿದ್ದಿತ್ತು. ಒಬ್ಬರಿಂದ ಹಿಂಡಲಾಗದ ಹೊದಿಕೆ. ಒಡತಿ ತೋಳೇರಿಸಿ ಒಂದು ತುದಿ ಹಿಡಿದಳು. ತಂಗಿ ಒಂದು ಕ್ಷಣ ಕಾದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎದುರುಬದುರಾಗಿ ತಿರುಚಿದರು.

"ಕಿವಿ ಹೇಗಿದೆ ಮಗೂದು?"

"ವಾಸಿ. ಒಳಗೆ ಮಲಗಿದ್ದಾಳೆ."

"ಮುರಿದದ್ದು ವಾಪಸ್ ಕೊಡ್ತೀನಿ. ಸಂಜೆ ಮೇಲೆ ನಿಂತಿದ್ದಕ್ಕೂ ಸೇರಿಸಿ."

ಹೊದಿಕೆಯಿಂದ ನೀರು ಧಾರೆಯಾಗಿ ಇಳಿಯಿತು. ತಂಗಿ ಇನ್ನೊಂದು ಸುತ್ತು ತಿರುಚಿದಳು.

"ತಾತನಿಗೆ?"

"ಅವರಿಗೂ. ಮುಂಚೆ ಬರೋ ಹೊತ್ತಿಗೂ. ಎಲ್ಲರಿಗೂ ಕೊಡ್ತೀನಿ."

"ನಿನ್ನ ನಾದಿನಿ ಬಂದಿದ್ರಾ?"

"ಪರದೆ ತಂದಿದ್ಳು," ಎಂದಳು ಒಡತಿ. ತಂಗಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ.

"ನೋಡೇ, ನಿನ್ನನ್ನ ನಿಜವಾದ ಮೇಲ್ವಿಚಾರಕಿ ಮಾಡ್ತೀನಿ. ಕಾನೂನು ಹೇಳೋ ಮಟ್ಟದ ಸಂಬಳ ಕೊಡ್ತೀನಿ. ಜನ ತಗೊಳ್ಳೋದು ಬಿಡೋದು, ಯಾವ ಕೆಲಸ ಒಪ್ಕೋಬೇಕು ಯಾವುದು ಬೇಡ, ಎಲ್ಲದರಲ್ಲೂ ನಿನ್ನ ಮಾತು."

"ನಿನ್ನ ಅಂಗಡೀಲಿ ನನ್ನ ಮಾತಾ?"

"ಹೂಂ."

"ಅಂದ್ರೆ ದಿನಾ ನಿನ್ನ ಜೊತೆ ಜಗಳ ಆಡೋ ಕೆಲಸ. ಆ ಭಾರಕ್ಕೆ ಯಾವ ಸಂಬಳವೂ ಸಾಲಲ್ಲ ಅಕ್ಕ. ಬೇಡ."

"ಮತ್ತೆ ಗಂಟೆಗೂಲಿಗೇ ಹೋಗ್ತೀಯಾ?"

"ಅದೂ ಬೇಡ. ನನಗೆ ತಿಂಗಳ ಸಂಬಳವೇ ಬೇಕು. ಬಟ್ಟೆ ಬರಲಿ ಬಿಡಲಿ, ಬಾಡಿಗೆ ಕಟ್ಟೋಕೆ ಒಂದೇ ಮೊತ್ತ ಕೈಗೆ ಬರಬೇಕು. ಹೊತ್ತು ಮೀರಿದ್ರೆ ಹೆಚ್ಚುವರಿ. ಎರಡೂ ಒಟ್ಟಿಗೆ ಆಗಲ್ಲ ಅಂತ ನಿನ್ನೆ ನೀನು ಹೇಳ್ದೆ."

"ಆಗುತ್ತಂತೆ," ಎಂದಳು ಒಡತಿ.

ಹೊದಿಕೆಯಲ್ಲಿ ನೀರು ಉಳಿದಿರಲಿಲ್ಲ. ಇಬ್ಬರೂ ಅದನ್ನು ಬಿಡಿಸಿ, ಕೊಡವಿ, ಹಗ್ಗದ ಮೇಲೆ ಎಸೆದರು. ತಂಗಿ ಅಂಚು ಎಳೆದು ನೇರ ಮಾಡುತ್ತ ಹೇಳಿದಳು.

"ಬರೆದು ಕೊಡು. ಸಂಬಳ ಎಷ್ಟು, ಎಷ್ಟು ಹೊತ್ತಿನ ಕೆಲಸಕ್ಕೆ, ಮೀರಿದ್ರೆ ಏನು ದರ. ಬಂದ ಹೊತ್ತು ಹೋದ ಹೊತ್ತು ದಿನಾ ನಮೂದಾಗಬೇಕು. ಸಂಬಳದ ಜೊತೆ ಚೀಟಿ ಬೇಕು."

"ಒಡಹುಟ್ಟಿದ ತಂಗಿಗೂ ಬರೆದು ಕೊಡಬೇಕೇನೇ?"

"ತಂಗಿಗೇ ಮೊದಲು ಬರೆದು ಕೊಡಬೇಕು. ಬೇರೆಯವರಾದ್ರೆ ಬಾಯಿಬಿಟ್ಟು ಕೇಳ್ತಾರೆ. ನಾವು ಕೇಳಲಾರದೆ ಬಿಟ್ಟು ಹೋಗ್ತೀವಿ."

ಒಡತಿ ಆ ಸಂಜೆಯೇ ಬರೆದು ಕೊಟ್ಟಳು. ಬರೆದದ್ದರಲ್ಲಿ ಎರಡು ತಪ್ಪುಗಳನ್ನು ನಾದಿನಿ ತೋರಿಸಿದಳು. ಒಡತಿ ಒಂದನ್ನು ಒಪ್ಪಿಕೊಂಡು ತಿದ್ದಿದಳು, ಇನ್ನೊಂದನ್ನು ಒಪ್ಪಿಕೊಳ್ಳದೆ ತಿದ್ದಿದಳು. ಸೋಮವಾರ ತಂಗಿ ಆಸ್ಪತ್ರೆಯ ಕಡೆಗೆ ಹೋಗಲಿಲ್ಲ. ಗಂಡ ಗಾಡಿಯಲ್ಲಿ ಹೋಟೆಲಿಗೆ ಹೋಗಿ, ತಡವಾಗಿ ಬಂದ ಬಟ್ಟೆಗೆ ಇನ್ನು ಬೇರೆ ದರವೆಂದು ಹೇಳಿ ಬಂದ. ಅಲ್ಲಿಯವರು ಮೊದಲು ಗೊಣಗಿದರು, ಬಳಿಕ ವ್ಯಾನಿನವನನ್ನು ಬೈದರು. "ಇದನ್ನ ನಾವು ಯಾವತ್ತೋ ಹೇಳಬೇಕಿತ್ತು ಕಣೇ," ಎಂದು ಗಂಡ ಮನೆಗೆ ಬಂದು ಹೇಳಿದ. ಆ ಮಾತು ಮೊದಲು ಹೊಳೆದದ್ದು ತನಗೇ ಎಂಬಂತೆ.

ಓದುತ್ತಿರುವ, ಕೇಳುತ್ತಿರುವ ನೀವು ಯಾರಿಗಾದರೂ ಕೆಲಸ ಕೊಟ್ಟವರಾಗಿದ್ದರೆ, ಅವರನ್ನು ಗಂಟೆಗೂಲಿಯಿಂದ ತಿಂಗಳ ಸಂಬಳಕ್ಕೆ ಬದಲಿಸುವ ಮುನ್ನ ಕಾರ್ಮಿಕ ಕಚೇರಿಯ ಮೆಟ್ಟಿಲನ್ನು ಒಮ್ಮೆ ಹತ್ತಿರಿ. ಕನಿಷ್ಠ ಕೂಲಿ ಎಷ್ಟು, ವಾರಕ್ಕೆ ಎಷ್ಟು ಹೊತ್ತಿನ ಕೆಲಸ, ಹೆಚ್ಚುವರಿಯ ದರವೇನು, ಯಾವ ಹುದ್ದೆಗೆ ಯಾವ ವಿನಾಯಿತಿ ಎಂಬುದು ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ, ಕಾಲಕಾಲಕ್ಕೆ ಬದಲಾಗುತ್ತದೆ. ಪಕ್ಕದ ಅಂಗಡಿಯವರ ಮಾತನ್ನು ನಂಬಿ ನಡೆಯಬೇಡಿ. ಹುದ್ದೆಯ ಹೆಸರಿಗಿಂತ ಮೊದಲು ಹುದ್ದೆಯ ಕೆಲಸವನ್ನು ನೋಡಿರಿ. ಹೇಳಿದ್ದನ್ನು ಬರೆದು ಕೊಡಿರಿ. ನೀವು ದುಡಿಯುವವರಾಗಿದ್ದರೆ, ಬಂದ ಹೊತ್ತು ಹೋದ ಹೊತ್ತನ್ನು ನೀವೂ ಗುರುತು ಹಾಕಿಕೊಳ್ಳಿರಿ, ಸಂಬಳದ ಚೀಟಿಯನ್ನು ಕೇಳಿ ಪಡೆಯಿರಿ. ಕೆಲಸ ಕೊಟ್ಟವರು ನೆಂಟರಾಗಿದ್ದರೆ ಕೇಳಲು ನಾಲಿಗೆ ಹಿಂಜರಿಯುತ್ತದೆ, ಆದರೂ ಕೇಳಿರಿ. ಇಂದು ಸಂಕೋಚದಿಂದ ನುಂಗಿಕೊಂಡ ಪ್ರಶ್ನೆ ನಾಳೆ ಕೆಲಸವನ್ನೂ ನೆಂಟಸ್ತಿಕೆಯನ್ನೂ ಒಟ್ಟಿಗೆ ಕಳೆದೀತು.